ಅಪ್ಪನ ಐದು ಗಂಟೆ ತಿಂಡಿ, ನನ್ನ ಓವನ್ ಮತ್ತು 180 ವೋಲ್ಟ್

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಎಲ್ರಿಗೂ. ಇವತ್ತು ಇಎಂಐ ಇಲ್ಲ, ಟ್ಯಾಕ್ಸ್ ಇಲ್ಲ. ಇವತ್ತು ಆಲೂಗಡ್ಡೆ. ‘ಬಿಕಾಂ ಓದಿ ಆಲೂಗಡ್ಡೆ ಬಗ್ಗೆ ಮಾತಾಡ್ತೀಯೇನೋ’ ಅಂತ ನಮ್ಮಮ್ಮ ಆಗಲೇ ಕೇಳಿಯಾಗಿದೆ, ನೀವು ಮತ್ತೆ ಕೇಳ್ಬೇಡಿ.

ನಾನು ಮಾತಾಡ್ತಿರೋದು ಕುದಾಪುರದಿಂದ, ಚಳ್ಳಕೆರೆ ತಾಲ್ಲೂಕು. ಊರು ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇರೋದು ಇಲ್ಲೇ, 1,500 ಎಕರೆಯಲ್ಲಿ. ಅದಕ್ಕೂ ಮುಂಚೆ ಅದು ಅಮೃತ್ ಮಹಲ್ ದನಗಳ ಕಾವಲು. ಆ ಕಾವಲಿನ ಕಥೆ ದೊಡ್ಡದು, ಬೇರೆ ಎಪಿಸೋಡೇ ಬೇಕು. ಇವತ್ತಿಂದು ನಮ್ಮನೆ ಅಡುಗೆಮನೆ ಕಥೆ.

ನಮ್ಮಪ್ಪ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವರು. ಚಳ್ಳಕೆರೆಗೆ ಎಣ್ಣೆ ನಗರಿ ಅಂತ ಹೆಸರಿತ್ತು, ಎಣ್ಣೆ ವ್ಯಾಪಾರದಲ್ಲಿ ಮುಂಬೈ ಬಿಟ್ರೆ ನಮ್ಮೂರೇ ಅಂತ ಹೇಳ್ಕೊಳ್ತಿದ್ರು. ಆಮೇಲೆ ಮಳೆ ಕೈಕೊಡ್ತು, ಶೇಂಗಾ ಇಳುವರಿ ಇಳೀತು, 1994ರಲ್ಲಿ ಪಾಮೋಲಿನ್ ಆಮದಿಗೆ ದಾರಿ ತೆರೀತು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ್ವು. ಅಪ್ಪನ ಮಿಲ್ಲೂ ಹೋಯ್ತು, ಆದ್ರೆ ಅವರ ಮೂಗು ಉಳೀತು. ಎಣ್ಣೆ ಮೂಸಿ ನೋಡಿ ಗಾಣದ್ದೋ, ಫಿಲ್ಟರ್ ಆಗಿದ್ದೋ, ಬೆರಕೆಯೋ ಅಂತ ಹೇಳ್ತಾರೆ.

ಅಂಥ ಮನುಷ್ಯನಿಗೆ ಕಳೆದ ವರ್ಷ ಎದೆಗೆ ಸ್ಟೆಂಟ್ ಹಾಕಿದ್ರು. ಡಾಕ್ಟರು ಕೊಟ್ಟ ಚೀಟಿಯಲ್ಲಿ ಮಾತ್ರೆಗಳ ಕೆಳಗೆ ಇನ್ನೊಂದು ಸಾಲು: ಕರಿದ ತಿಂಡಿ, ಉಪ್ಪು ಕಡಿಮೆ ಮಾಡಬೇಕು. ಅಮ್ಮ ಅದನ್ನ ಅಕ್ಷರಶಃ ತಗೊಂಡ್ರು. ಸಾಯಂಕಾಲ ಐದು ಗಂಟೆಗೆ ಮಂಡಕ್ಕಿ ಜೊತೆ ಬರ್ತಿದ್ದ ಮೆಣಸಿನಕಾಯಿ ಬಜ್ಜಿ ಮನೆಯಲ್ಲಿ ಯಾರಿಗೂ ಇಲ್ಲ. ಬಾಣಲೆ ಅಟ್ಟ ಹತ್ತಿತು.

ಒಂದು ತಿಂಗಳಾದ್ಮೇಲೆ ಬಟ್ಟೆ ಒಗೆಯೋಕೆ ಹಾಕುವಾಗ ಅಪ್ಪನ ಅಂಗಿ ಜೇಬಲ್ಲಿ ಒಂದು ಪೇಪರ್ ಚೂರು ಸಿಕ್ತು. ಜಿಡ್ಡು ಹಿಡಿದು ಪಾರದರ್ಶಕ ಆಗಿತ್ತು. ಬಸ್ ಸ್ಟ್ಯಾಂಡ್ ಹತ್ರ ಗಾಡಿಯಲ್ಲಿ ಬಜ್ಜಿ ತಿಂದು ಬರ್ತಿದ್ರು. ಅದೇ ಎಣ್ಣೆಯನ್ನ ಮತ್ತೆ ಮತ್ತೆ ಕಾಯಿಸೋ ಬಾಣಲೆಯಿಂದ. ಅದು ಎಂಥ ಎಣ್ಣೆ ಅಂತ ಊರಿಗೆಲ್ಲಾ ಮೊದಲು ಹೇಳಬಲ್ಲವರು ಅವರೇ, ಆದ್ರೂ ತಿಂದಿದ್ರು. ನಾನು ಅಮ್ಮಂಗೆ ಹೇಳ್ಲಿಲ್ಲ. ಬೈದು ಬಿಡಿಸೋಕಾಗಲ್ಲ ಅನಿಸ್ತು. ಐದು ಗಂಟೆಗೆ ಮನೆಯಲ್ಲೇ ಏನಾದ್ರೂ ಗರಿಗರಿ ಇರ್ಬೇಕು, ಅಷ್ಟೇ.

ಹಂಗೆ ಬಂದಿದ್ದು ಪೊಟ್ಯಾಟೊ ವೆಡ್ಜಸ್. ಆಲೂಗಡ್ಡೆಯನ್ನ ಸಿಪ್ಪೆ ಸಮೇತ ಉದ್ದುದ್ದ ಹೋಳು ಮಾಡಿ, ಮಸಾಲೆ ಸವರಿ ಓವನ್‌ನಲ್ಲಿ ಬೇಯಿಸೋದು. ನನ್ನ ಹತ್ರ ಒಂದು ಸಣ್ಣ ಓಟಿಜಿ ಇತ್ತು, 1,600 ವಾಟ್. ವಿಡಿಯೊದಲ್ಲಿ ಹೇಳಿದ್ರು: 200 ಡಿಗ್ರಿ, 25 ನಿಮಿಷ, ಮುಗೀತು.

ಮುಗೀಲಿಲ್ಲ. ಮೊದಲ ಸಲ ಮನೆ ತುಂಬಾ ಹೊಗೆ, ಮೆಣಸಿನಪುಡಿ ಸುಟ್ಟು ಕರ್ರಗೆ, ಒಳಗೆ ಆಲೂಗಡ್ಡೆ ಹಸಿ. ಜಗಲಿ ಮೇಲೆ ಕೂತಿದ್ದ ಅಪ್ಪ ಅಲ್ಲಿಂದಲೇ ಕೇಳಿದ್ರು, ‘ಗಾಣದ ಎಣ್ಣೆ ಹಾಕಿದ್ಯಾ?’

ಹೌದು, ಹಾಕಿದ್ದೆ. ಶುದ್ಧ ಇರ್ಲಿ ಅಂತ. ಅವರು ಎದ್ದು ಬಂದು ಹೇಳಿದ್ರು: ಗಾಣದ ಎಣ್ಣೆಯಲ್ಲಿ ಶೇಂಗಾದ ಸೂಕ್ಷ್ಮ ಪುಡಿ, ವಾಸನೆ, ಎಲ್ಲಾ ಉಳಿದಿರುತ್ತೆ, ಅದಕ್ಕೆ ಬೇಗ ಹೊಗೆಯಾಡುತ್ತೆ. ಜೋರು ಶಾಖಕ್ಕೆ ರಿಫೈನ್ ಮಾಡಿದ ಶೇಂಗಾ ಎಣ್ಣೆ ತಗೋ. ಗಾಣದ್ದು ರುಚಿಗೆ, ಕೊನೆಗೆ ಮೇಲೆ ಒಂದು ಚಮಚ ಹಾಕು. ಸ್ಟೆಂಟ್ ಹಾಕಿಸಿಕೊಂಡು ಬಂದ್ಮೇಲೆ ಅಪ್ಪ ಅಡುಗೆಮನೆಗೆ ಕಾಲಿಟ್ಟಿದ್ದು ಅವತ್ತೇ ಮೊದಲು.

ಎರಡನೇ ಸಲ ಹೊಗೆ ಇಲ್ಲ, ಆದ್ರೆ ಹೋಳುಗಳು ಮೆತ್ತಗೆ, ಪಲ್ಯದ ಥರ. ಯಾಕೆ ಅಂತ ಗೊತ್ತಾಗಿದ್ದು ಫ್ರಿಜ್ ಪಕ್ಕದ ಸ್ಟೆಬಿಲೈಸರ್ ನೋಡಿದಾಗ. 180 ವೋಲ್ಟ್ ತೋರಿಸ್ತಿತ್ತು. ಹಳ್ಳಿಯಲ್ಲಿರೋರಿಗೆ ಇದು ಹೊಸದಲ್ಲ, ಪಂಪ್‌ಸೆಟ್ ಓಡೋ ಹೊತ್ತಲ್ಲಿ ಬಲ್ಬೇ ಬಾಡುತ್ತೆ. ಈಗ ಸ್ವಲ್ಪ ಲೆಕ್ಕ, ನಂಗೆ ಬರೋದು ಅದೇ ತಾನೆ. ಹೀಟರ್ ಕಾಯಿಲ್‌ನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ. 230ರ ಬದಲು 180 ಬಂದ್ರೆ ಕಾಲು ಭಾಗಕ್ಕಿಂತ ಕಡಿಮೆ ಹೋಯ್ತು ಅನಿಸುತ್ತೆ. ಆದ್ರೆ 180ನ್ನ 230ರಿಂದ ಭಾಗಿಸಿ, ಬಂದಿದ್ದನ್ನ ಅದರಿಂದಲೇ ಗುಣಿಸಿ ನೋಡಿ: 0.61. ಅಂದ್ರೆ ನನ್ನ 1,600 ವಾಟಿನ ಓವನ್ ಆ ಹೊತ್ತಲ್ಲಿ 980 ವಾಟಿನ ಓವನ್. ಯಾವ ರೆಸಿಪಿ ವಿಡಿಯೊದಲ್ಲೂ ಇದನ್ನ ನಾನು ಕೇಳಿಲ್ಲ. ಡಯಲ್ ಮೇಲಿನ ನಂಬರ್ ನಂಬ್ಬೇಡಿ, ಓವನ್ ಒಳಗಿಡೋ ಸಣ್ಣ ಥರ್ಮಾಮೀಟರ್ ಸಿಗುತ್ತೆ, ತಗೊಳ್ಳಿ. ಇನ್ನೊಂದು, 1,600 ವಾಟ್ ಅಂದ್ರೆ ಪೂರ್ತಿ ವೋಲ್ಟೇಜಿನಲ್ಲಿ ಸುಮಾರು 7 ಆಂಪಿಯರ್. ಸಣ್ಣ ಸಾಕೆಟ್ಟಿಗೆ, ಮಲ್ಟಿಪ್ಲಗ್ಗಿಗೆ ಚುಚ್ಬೇಡಿ, 16 ಆಂಪಿಯರ್ ಸಾಕೆಟ್ಟೇ ಬೇಕು.

ಸರಿ, ಈಗ ನಮ್ಮನೆಯಲ್ಲಿ ನಿಂತಿರೋ ವಿಧಾನ. ಬರ್ಕೊಳ್ಳಿ.

ಅರ್ಧ ಕೆ.ಜಿ ಆಲೂಗಡ್ಡೆ, ಹಳೇದು. ಹೊಸ ಎಳೆ ಆಲೂಗಡ್ಡೆಯಲ್ಲಿ ನೀರು ಜಾಸ್ತಿ, ಗರಿಗರಿ ಆಗಲ್ಲ. ಫ್ರಿಜ್‌ನಲ್ಲಿ ಇಡಬೇಡಿ. ತಣ್ಣಗಾದ್ರೆ ಅದರ ಪಿಷ್ಟ ಸಕ್ಕರೆಯಾಗುತ್ತೆ, ಸಕ್ಕರೆ ಇದ್ರೆ ಬೇಯೋ ಮುಂಚೆ ಕಪ್ಪಾಗುತ್ತೆ. ಸಿಪ್ಪೆ ಉಜ್ಜಿ ತೊಳೆದು ಒಂದೊಂದನ್ನ ಎಂಟು ಹೋಳು ಮಾಡಿ, ಅರ್ಧ ಗಂಟೆ ನೀರಲ್ಲಿ ನೆನೆಸಿ.

ಒಂದು ಲೀಟರ್ ನೀರು ಕುದಿಸಿ ಕಾಲು ಚಮಚ ಅಡುಗೆ ಸೋಡಾ ಹಾಕಿ, ಹೋಳುಗಳನ್ನ ಏಳೆಂಟು ನಿಮಿಷ ಬೇಯಿಸಿ. ಸೋಡಾ ಹೋಳಿನ ಹೊರಮೈಯನ್ನ ಸಡಿಲ ಮಾಡುತ್ತೆ. ನೀರು ಬಸಿದು, ಪಾತ್ರೆ ಮುಚ್ಚಿ ಎರಡು ಸಲ ಕುಲುಕಿದ್ರೆ ಮೈಯೆಲ್ಲಾ ತರಿತರಿ ಆಗುತ್ತೆ. ಆ ತರಿಯೇ ಮುಂದೆ ಗರಿ. ವೋಲ್ಟೇಜ್ ಕಡಿಮೆ ಇರೋರಿಗೆ ಈ ಹಂತವೇ ಜೀವ, ಯಾಕಂದ್ರೆ ಒಳಗೆ ಬೇಯಿಸೋ ಕೆಲಸ ಗ್ಯಾಸ್ ಮಾಡಿರುತ್ತೆ, ಓವನ್ ಹೊರಗಡೆ ಮಾತ್ರ ನೋಡ್ಕೊಂಡ್ರೆ ಸಾಕು. ಸೋಡಾ ಜಾಸ್ತಿ ಹಾಕ್ಬೇಡಿ, ಸೋಪಿನ ರುಚಿ ಬರುತ್ತೆ. ನಾನು ಹಾಕಿ ನೋಡಿದ್ದೀನಿ.

ಐದು ನಿಮಿಷ ಆರಲಿ, ಹಬೆ ಪೂರ್ತಿ ಹೋಗಲಿ. ಎರಡು ದೊಡ್ಡ ಚಮಚ ರಿಫೈನ್ಡ್ ಶೇಂಗಾ ಎಣ್ಣೆ, ಒಂದು ಚಮಚ ಅಕ್ಕಿ ಹಿಟ್ಟು, ಚಿಟಿಕೆ ಅರಿಶಿನ, ಇಷ್ಟೇ ಸವರಿ. ಖಾರದಪುಡಿ, ಬೆಳ್ಳುಳ್ಳಿ ಈಗ ಬೇಡ, ಸುಡುತ್ತೆ. ಓವನ್ 220ಕ್ಕೆ ಇಟ್ಟು, ಖಾಲಿ ಟ್ರೇ ಒಳಗೇ ಕಾಯ್ಬೇಕು. ಕಾದ ಟ್ರೇಗೆ ಹೋಳುಗಳನ್ನ ಒಂದೇ ಪದರದಲ್ಲಿ, ಒಂದಕ್ಕೊಂದು ತಾಗದಂತೆ ಜೋಡಿಸಿ. ಕಿಕ್ಕಿರಿದ್ರೆ ಒಂದರ ಹಬೆಯಲ್ಲಿ ಇನ್ನೊಂದು ಬೇಯುತ್ತೆ. ನನ್ನ ಎರಡನೇ ಸೋಲಿಗೆ ಇದೂ ಕಾರಣ. 20 ನಿಮಿಷಕ್ಕೆ ತಿರುವಿ, ಇನ್ನೊಂದು 15. ನಮ್ಮ ವೋಲ್ಟೇಜಿಗೆ 25.

ಕೊನೇ ಐದು ನಿಮಿಷಕ್ಕೆ ಬ್ಯಾಡಗಿ ಖಾರದಪುಡಿ, ಧನಿಯಾ, ಹುರಿದ ಜೀರಿಗೆ ಪುಡಿ, ಜಜ್ಜಿದ ಬೆಳ್ಳುಳ್ಳಿಯನ್ನ ಒಂದು ಚಮಚ ಎಣ್ಣೆಯಲ್ಲಿ ಕಲಸಿ ಸವರಿ. ಹೊರತೆಗೆದ ಮೇಲೆ ಗಾಣದ ಎಣ್ಣೆ ಒಂದು ಚಮಚ, ಮೇಲೆ ಶೇಂಗಾ ಚಟ್ನಿಪುಡಿ. ಪೆರಿ ಪೆರಿ ಪ್ಯಾಕೆಟ್ ಪಕ್ಕಕ್ಕಿಡಿ, ಇದರ ಮುಂದೆ ಅದು ನಿಲ್ಲಲ್ಲ. ಬಣ್ಣ ಹೊಂಬಣ್ಣಕ್ಕೇ ನಿಲ್ಸಿ. ಪಿಷ್ಟ ಇರೋ ಪದಾರ್ಥ ಜೋರು ಶಾಖದಲ್ಲಿ ಕಂದಿದಷ್ಟೂ ಅಕ್ರಿಲಮೈಡ್ ಅನ್ನೋ ಬೇಡದ ರಾಸಾಯನಿಕ ಹೆಚ್ಚುತ್ತೆ. ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲೇ ಹೇಳಿದ್ದು.

ಇದು ಔಷಧಿ ಅಂತ ತಿಳ್ಕೋಬೇಡಿ ಮತ್ತೆ. ಎಣ್ಣೆ ಕಡಿಮೆ, ಅಳತೆ ನಮ್ಮ ಕೈಲಿ ಇರುತ್ತೆ, ಅಷ್ಟೇ. ಆಲೂಗಡ್ಡೆ ಆಲೂಗಡ್ಡೆಯೇ, ಶುಗರ್ ಇರೋರು ಲೆಕ್ಕ ಇಟ್ಟೇ ತಿನ್ಬೇಕು. ಕಿಡ್ನಿ ತೊಂದರೆ ಇರೋರು ಡಾಕ್ಟರನ್ನ ಕೇಳ್ಲೇಬೇಕು, ಇದರಲ್ಲಿ ಪೊಟ್ಯಾಶಿಯಂ ಜಾಸ್ತಿ. ನಮ್ಮನೆಯಲ್ಲಿ ವಾರಕ್ಕೆ ಎರಡೇ ದಿನ. ಉಳಿದ ದಿನ ಅಪ್ಪನ ಜೇಬು ನಾನು ನೋಡ್ತೀನಿ. ಈಗ ಎರಡು ತಿಂಗಳಿಂದ ಬಸ್ ಟಿಕೆಟ್ ಬಿಟ್ಟು ಏನೂ ಸಿಕ್ಕಿಲ್ಲ. ಹಂಗಂತ ತಿಂದೇ ಇಲ್ಲ ಅಂತ ಬರೆದು ಕೊಡೋಕೂ ನಾನು ತಯಾರಿಲ್ಲ, ಆ ಪೇಪರನ್ನ ದಾರಿಯಲ್ಲೇ ಎಸೆಯೋಕೆ ಕಲಿತಿರಬಹುದು. (ನಗು)

ಮೊನ್ನೆ ಟ್ರೇ ಒಳಗಿರುವಾಗಲೇ ಕರೆಂಟ್ ಹೋಯ್ತು. ನಾನು ಬಾಗಿಲು ತೆಗೆಯೋಕೆ ಹೋದೆ. ‘ತೆಗೀಬೇಡ, ಶಾಖ ಒಳಗೇ ಇರ್ಲಿ’ ಅಂದ್ರು ಅಪ್ಪ. ಕತ್ತಲಲ್ಲಿ ಮೂರೂ ಜನ ಓವನ್ ಮುಂದೆ ಕೂತ್ವಿ. ಹತ್ತು ನಿಮಿಷಕ್ಕೆ ಕರೆಂಟ್ ಬಂತು. ತಟ್ಟೆಗೆ ಹಾಕಿದ್ಮೇಲೆ ಅಪ್ಪ ಒಂದು ಹೋಳು ಬಾಯಿಗಿಟ್ಟು, ‘ಉಪ್ಪು ಕಮ್ಮಿ’ ಅಂದ್ರು.

‘ಗೊತ್ತು’ ಅಂದ್ರು ಅಮ್ಮ.