ಮುಚ್ಚಳದ ಒಳಗಿನ ನಕ್ಷೆ



ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳದ ಒಳಗೆ ತಂತಿ ಜೋಡಣೆಯ ನಕ್ಷೆ ಅಂಟಿಸಿರುವುದನ್ನು ನೀವು ನೋಡಿರಬಹುದು. ಸ್ಟಾರ್-ಡೆಲ್ಟಾ ಸ್ಟಾರ್ಟರಿನಿಂದ ಮೋಟಾರಿಗೆ ಆರು ತಂತಿಗಳು ಹೋಗುತ್ತವೆ. ಒಂದೇ ಒಂದು ವೈಂಡಿಂಗಿನ ಎರಡು ತುದಿಗಳು ಅದಲುಬದಲಾದರೆ ಮೋಟಾರು ಗುಂಯ್‌ಗುಟ್ಟಿ, ಕಾದು, ಸುಟ್ಟುಹೋಗಬಹುದು. ರಿಪೇರಿಗೆ ಬಂದವರಿಗೆ ಆ ನಕ್ಷೆಯೇ ದಾರಿ. ಆದರೆ ಎಷ್ಟೋ ಸಲ ಬೇಕಾದ ಹೊತ್ತಿಗೆ ಅದು ಉದುರಿಹೋಗಿರುತ್ತದೆ, ಇಲ್ಲವೇ ಅಕ್ಷರ ಮಾಸಿರುತ್ತದೆ.

ಏಕೆ ಹೀಗೆ? ಕಾಗದ ತೇವ ಹೀರುತ್ತದೆ, ಗೋಂದು ಬಿಡುತ್ತದೆ. ಇಂಕ್‌ಜೆಟ್ ಪ್ರಿಂಟರಿನ ಸಾಮಾನ್ಯ ಬಣ್ಣದ ಶಾಯಿ ನೀರು ತಗುಲಿದರೆ ಹರಡುತ್ತದೆ. ಜೆರಾಕ್ಸಿನ ಕಪ್ಪು ಪುಡಿಯಲ್ಲಿರುವುದು ಹೆಚ್ಚಾಗಿ ಪ್ಲಾಸ್ಟಿಕ್. ಅಂಥ ಪ್ರತಿಯನ್ನು ಪಿವಿಸಿ ಲಕೋಟೆಯಲ್ಲಿಟ್ಟರೆ, ಪಿವಿಸಿಯನ್ನು ಮೆದುವಾಗಿಸಲು ಬೆರೆಸಿದ ದ್ರವವು ಅಕ್ಷರಗಳನ್ನೂ ಮೆದುವಾಗಿಸುತ್ತದೆ. ಕೊನೆಗೆ ಅಕ್ಷರಗಳು ಕಾಗದ ಬಿಟ್ಟು ಲಕೋಟೆಗೇ ಅಂಟಿಕೊಳ್ಳುತ್ತವೆ!

ಇದಕ್ಕೆ ಪಾಲಿಯೆಸ್ಟರ್ ಹಾಳೆ ಒಳ್ಳೆಯದು. ಅದು ನೀರು ಹೀರುವುದು ಬಹಳ ಕಡಿಮೆ. ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಂಟಿಸುವವರು ಮೊದಲು ವಿದ್ಯುತ್ ಸಂಪರ್ಕ ತೆಗೆಯಬೇಕು. ಮುಚ್ಚಳದ ಎಣ್ಣೆ, ಧೂಳು ಒರೆಸಿ ಒಣಗಿಸಬೇಕು. ಹಾಳೆಯ ಅಂಚುಗಳನ್ನು ಚೆನ್ನಾಗಿ ಒತ್ತಿ ಉಜ್ಜಬೇಕು. ಗಾಳಿಕಿಂಡಿಯನ್ನು ಮುಚ್ಚಬಾರದು. ಕಳಚಿದ ಹಾಳೆ ತಂತಿಗಳ ಮೇಲೆ ಬಿದ್ದು ಕಾದರೆ ಬೆಂಕಿಗೂ ಕಾರಣವಾದೀತು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಜೋಡಣೆ ಬದಲಾದ ದಿನವೇ ನಕ್ಷೆಯೂ ಬದಲಾಗಬೇಕು, ಅದರಲ್ಲಿ ತಾರೀಖೂ ಇರಬೇಕು. ನಕ್ಷೆ ಇಲ್ಲದಿದ್ದರೆ ಕೆಲಸಗಾರ ಎಚ್ಚರದಿಂದ ಪರೀಕ್ಷಿಸುತ್ತಾನೆ. ತಪ್ಪು ನಕ್ಷೆ ಇದ್ದರೆ ನಂಬಿ ಕೈಹಾಕುತ್ತಾನೆ.

ನಿಮ್ಮ ಪ್ರಯೋಗಶಾಲೆಯ ಉಪಕರಣಗಳಲ್ಲಿ ಇಂಥ ನಕ್ಷೆ ಇದೆಯೇ, ಸರಿಯಾಗಿದೆಯೇ? ನಾಳೆಯೇ ಅಧ್ಯಾಪಕರನ್ನು ಕೇಳಿ ನೋಡಿ.