ಮೊಲದ ಮರಿಗಳ ಭೇದಿರೋಗ
(ರೈತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ತಾಯಿಹಾಲು ಬಿಟ್ಟ ಮರಿಗಳು ಹೊಟ್ಟೆಯುಬ್ಬಿ, ಭೇದಿಯಾಗಿ ಸಾಯುವುದು ದೃಷ್ಟಿದೋಷದಿಂದಲ್ಲ; ಐಮೇರಿಯ ಎಂಬ ಸೂಕ್ಷ್ಮಜೀವಿಯಿಂದ. ಸತ್ತ ಮರಿಯ ಯಕೃತ್ತಿನಲ್ಲಿ ಬಿಳಿಯ ಗಂಟುಗಳಿದ್ದರೆ ಕಾಕ್ಸಿಡಿಯೋಸಿಸ್ ರೋಗವೆಂದು ಶಂಕಿಸತಕ್ಕದ್ದು.

ಇದರ ಬೀಜವು ಹಿಕ್ಕೆಯೊಡನೆ ಹೊರಬಿದ್ದ ಕೂಡಲೇ ರೋಗವನ್ನಂಟಿಸಲಾರದು. ತೇವವೂ ಶಾಖವೂ ದೊರೆತು ಸಾಮಾನ್ಯವಾಗಿ 1ರಿಂದ 3 ದಿನಗಳಾದ ಮೇಲೆಯೇ ಆ ಶಕ್ತಿ ಬರುವುದು. ಆದುದರಿಂದ ಹಿಕ್ಕೆಯನ್ನು ಪ್ರತಿದಿನವೂ ತೆಗೆಯತಕ್ಕದ್ದು. ಒಮ್ಮೆ ಈ ಕೆಲಸವನ್ನು ನಾನೇ ಅಲಕ್ಷ್ಯಮಾಡಿ ಒಂದು ಸೂಲಿನ ಮರಿಗಳೆಲ್ಲವನ್ನೂ ಕಳೆದುಕೊಂಡೆನು.

ಗೂಡಿಗೆ ತಂತಿಬಲೆಯ ತಳವಿದ್ದರೆ ಹಿಕ್ಕೆಯು ಕೆಳಗುದುರುವುದು. ಮೇವನ್ನು ತಳದ ಮೇಲೆ ಚೆಲ್ಲಕೂಡದು. ಸಾಧಾರಣ ಕ್ರಿಮಿನಾಶಕಗಳಿಗೆ ಬಗ್ಗದ ಈ ಬೀಜವು ಕುದಿಯುವ ನೀರಿಗೆ ನಾಶವಾಗುವುದು. ರೋಗಿಯನ್ನು ಒಡನೆಯೇ ಬೇರ್ಪಡಿಸಿ ಪಶುವೈದ್ಯರಿಗೆ ತೋರಿಸಿರಿ. ಸಲ್ಫಾ ಔಷಧಗಳಿಂದ ಗುಣವುಂಟು. ಪೆನಿಸಿಲಿನ್ನನ್ನು ಮಾತ್ರ ಮೊಲಕ್ಕೆ ಬಾಯಿಯ ಮೂಲಕ ಕೊಡಲೇಕೂಡದು, ಅದು ಪ್ರಾಣಾಪಾಯಕರ.