ಹಳೆಯ ಕಾರ್ಡಿಗೆ ಕೊಟ್ಟ ಮಾತು



ಬಸ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ನಿಲ್ದಾಣದಲ್ಲಿ ಕಾದು ಹತ್ತುವ ವಾಹನ. ಗಣಕಯಂತ್ರದೊಳಗೂ ಒಂದು ಬಸ್ ಇದೆ. ಎರಡು ಪದಗಳಿಗೂ ಮೂಲ ಲ್ಯಾಟಿನ್ನಿನ 'ಓಮ್ನಿಬಸ್', ಅಂದರೆ 'ಎಲ್ಲರಿಗಾಗಿ'. ಪ್ರೊಸೆಸರಿಗೂ ಯಂತ್ರಕ್ಕೆ ಸಿಕ್ಕಿಸಿದ ಕಾರ್ಡುಗಳಿಗೂ ನಡುವೆ ಮಾಹಿತಿ ಓಡಾಡುವ ಹಾದಿ ಅದು. ಆ ಹಾದಿಯ ನಿಯಮಗಳನ್ನು ಬಲ್ಲದ್ದು ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್. ಹಾದಿಯೇ ಬದಲಾದಾಗ ಹಳೆಯ ಕಾರ್ಡುಗಳ ಗತಿಯೇನು?

1981ರಲ್ಲಿ ಐಬಿಎಂ ಹೊರತಂದ ಪಿಸಿಯ ಸ್ಲಾಟಿಗೆ 62 ಪಿನ್ನುಗಳು. ಒಂದು ಸಲಕ್ಕೆ 8 ಬಿಟ್ ಮಾಹಿತಿ ಸಾಗುತ್ತಿತ್ತು. 1984ರ 'ಎಟಿ' ಯಂತ್ರದಲ್ಲಿ ಅದು 16 ಬಿಟ್ ಆಯಿತು. ಎಂಜಿನಿಯರುಗಳು ಹಳೆಯ ಸ್ಲಾಟನ್ನು ಕಿತ್ತುಹಾಕಲಿಲ್ಲ. ಅದರ ಬೆನ್ನಿಗೆ 36 ಪಿನ್ನುಗಳ ಇನ್ನೊಂದು ತುಂಡನ್ನು ಸೇರಿಸಿದರು. ಹಳೆಯ ಕಾರ್ಡು ಮುಂಭಾಗದಲ್ಲಿ ಕೂತು ಕೆಲಸ ಮಾಡುತ್ತಿತ್ತು. ಮುಂದೆ ಈ ಬಸ್ಸಿಗೆ 'ಐಸಾ' ಎಂಬ ಹೆಸರು ಬಂತು.

1987ರಲ್ಲಿ ಐಬಿಎಂ 'ಮೈಕ್ರೋಚಾನೆಲ್' ತಂದಿತು. ವೇಗದಲ್ಲೂ ಅಚ್ಚುಕಟ್ಟಿನಲ್ಲೂ ಅದು ಮೇಲು. ಆದರೆ ಹಳೆಯ ಕಾರ್ಡು ಅದಕ್ಕೆ ಹಿಡಿಸುತ್ತಿರಲಿಲ್ಲ. ಇತರ ತಯಾರಕರು ಪರವಾನಗಿ ಶುಲ್ಕ ತೆರಬೇಕಿತ್ತು. ಮರುವರ್ಷವೇ ಕಾಂಪ್ಯಾಕ್ ಮುಂದಾಳತ್ವದಲ್ಲಿ ಒಂಬತ್ತು ಕಂಪನಿಗಳು 'ಈಸಾ' ಬಸ್ಸನ್ನು ಪ್ರಕಟಿಸಿದವು. ಅದರ ಸ್ಲಾಟಿಗೆ ಎರಡು ಅಂತಸ್ತು: ಹಳೆಯ ಕಾರ್ಡು ಮೇಲೆಯೇ ನಿಲ್ಲುತ್ತಿತ್ತು, ಹೊಸದು ಕೆಳಗಿನವರೆಗೆ ಇಳಿಯುತ್ತಿತ್ತು. ಮೈಕ್ರೋಚಾನೆಲ್ ಮಾರುಕಟ್ಟೆಯಲ್ಲಿ ಬೇರೂರಲಿಲ್ಲ.

1992ರಲ್ಲಿ ಇಂಟೆಲ್‌ನ 'ಪಿಸಿಐ' ಬಂತು. ಅದುವರೆಗೆ ಐಸಾ ಕಾರ್ಡು ಯಾವ ವಿಳಾಸದಲ್ಲಿದೆ ಎಂಬುದನ್ನು ಹೆಚ್ಚಾಗಿ ಮನುಷ್ಯನೇ ಹೇಳಬೇಕಿತ್ತು, ಇಲ್ಲವೇ ಕರ್ನೆಲ್ ತಡಕಾಡಬೇಕಿತ್ತು. ಪಿಸಿಐ ಕಾರ್ಡು ತಯಾರಕರ ಸಂಖ್ಯೆ, ತನ್ನ ಜಾತಿ ಎಲ್ಲವನ್ನೂ 256 ಬೈಟುಗಳ ಚೀಟಿಯಲ್ಲಿ ಹೊತ್ತೇ ಬಂತು. ಹತ್ತು ವರ್ಷಗಳ ಬಳಿಕ ರೂಪುಗೊಂಡ 'ಪಿಸಿಐ ಎಕ್ಸ್‌ಪ್ರೆಸ್'ನಲ್ಲಿ ತಂತಿಗಳ ವಿನ್ಯಾಸವೇ ಬೇರೆ. ಹಳೆಯ ಕಾರ್ಡು ಅದರ ಸ್ಲಾಟಿಗೆ ಹೋಗದು. ಆದರೂ ಚೀಟಿಯನ್ನು 4096 ಬೈಟುಗಳಿಗೆ ಹಿಗ್ಗಿಸಿದಾಗ ಮೊದಲ 256ರ ಕ್ರಮವನ್ನು ಹಾಗೆಯೇ ಉಳಿಸಿಕೊಂಡರು. ಆದ್ದರಿಂದ ಪಿಸಿಐ ಮಾತ್ರ ಬಲ್ಲ ಕರ್ನೆಲ್ ಕೂಡ ಹೊಸ ಬಸ್ಸಿನ ಕಾರ್ಡುಗಳನ್ನು ಗುರುತಿಸಬಲ್ಲದಾಯಿತು.

ಹಾಗಿದ್ದರೆ ಎಲ್ಲವನ್ನೂ ಸದಾಕಾಲ ಉಳಿಸಬಹುದಲ್ಲ ಎಂದು ಕೇಳಬಹುದು. ಉಳಿಸುವುದಕ್ಕೂ ದುಡಿಮೆ ಬೇಕು. ಕರ್ನೆಲ್‌ನ ಒಂದು ಭಾಗ ಬದಲಾದರೆ ಅದನ್ನು ನೆಚ್ಚಿದ ಪ್ರತಿಯೊಂದು ಬಸ್ಸಿನ ಸಂಕೇತವನ್ನೂ ತಿದ್ದಬೇಕು. ತಿದ್ದಿದ್ದು ಸರಿಯೇ ಎಂದು ನೋಡಲು ಆ ಯಂತ್ರ ಯಾರ ಬಳಿಯಾದರೂ ಇರಬೇಕು. ಇಂಥ ಯಂತ್ರಗಳೂ ಬಳಕೆದಾರರೂ ವಿರಳವಾದಾಗ, 2012ರಲ್ಲಿ, ಲಿನಕ್ಸ್ ಕರ್ನೆಲ್‌ನ 3.5ನೇ ಆವೃತ್ತಿಯಿಂದ ಮೈಕ್ರೋಚಾನೆಲ್ ಬೆಂಬಲವನ್ನು ತೆಗೆದುಹಾಕಲಾಯಿತು.

ನಷ್ಟ ಅನುಭವಿಸುವವರು ಈ ತೀರ್ಮಾನಗಳಿಂದ ದೂರದಲ್ಲಿರುವವರು. ಪ್ರಯೋಗಾಲಯದ ಅಳತೆಯ ಉಪಕರಣವೋ ಕಾರ್ಖಾನೆಯ ಲೇತೋ ಹಳೆಯ ಕಾರ್ಡೊಂದನ್ನು ನಂಬಿ ನಡೆಯುತ್ತಿದ್ದರೆ, ಬೆಂಬಲ ನಿಂತ ದಿನ ಅದರ ಒಡೆಯನ ಮುಂದೆ ಎರಡೇ ದಾರಿ: ಕೆಡದ ಯಂತ್ರವನ್ನು ಗುಜರಿಗೆ ಹಾಕುವುದು, ಇಲ್ಲವೇ ಭದ್ರತಾ ತಿದ್ದುಪಡಿಗಳಿಲ್ಲದ ಹಳೆಯ ಕರ್ನೆಲ್‌ನಲ್ಲೇ ಉಳಿಯುವುದು. ಮೂಲಸಂಕೇತ ಬಹಿರಂಗವಾಗಿದ್ದರೆ ಮೂರನೆಯದೊಂದಿದೆ: ಬಲ್ಲವರನ್ನು ಹಿಡಿದು ತಾವೇ ಅದನ್ನು ಪಾಲಿಸಿಕೊಂಡು ಬರುವುದು.

ಆದ್ದರಿಂದ ಯಂತ್ರ ಕೊಳ್ಳುವ ಸಂಸ್ಥೆ ಬೆಲೆಯೊಂದನ್ನೇ ವಿಚಾರಿಸಿದರೆ ಸಾಲದು. ಬೆಂಬಲ ಎಷ್ಟು ವರ್ಷ, ಆಮೇಲೆ ಮೂಲಸಂಕೇತ ಕೈಗೆ ಸಿಗುವುದೇ ಎಂಬುದನ್ನೂ ಕೊಳ್ಳುವ ದಿನವೇ ಕೇಳಿ ಬರೆಸಿಕೊಳ್ಳಬೇಕು.